ಅಜ್ಜಿಯ ಟ್ರಂಕಿನಲ್ಲಿ ಪುಣೆಯ ಚರಿತ್ರೆ



ಡಿಸೆಂಬರ್ ಬಂತೆಂದರೆ ಕಾಲೇಜುಗಳಲ್ಲಿ 'ಡೇ'ಗಳ ಸುಗ್ಗಿ. ಸಾರಿ ಡೇ, ಟ್ರೆಡಿಷನಲ್ ಡೇ, ರೆಟ್ರೋ ಡೇ... ಆ ಹೊತ್ತಿಗೆ ನಮ್ಮ ಕನ್ನಡ ವೇಳೆಗೆ ಬರುವ ಫೋನುಗಳಲ್ಲಿ ಹಾಡಿನ ಕೋರಿಕೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಇರುತ್ತದೆ: "ಹಳೇ ಕಾಲದ ಅರಿವಿ ಪುಣೆದಾಗ ಎಲ್ಲಿ ಸಿಗತಾವ್ರಿ?" ಉತ್ತರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ಅದಕ್ಕೇ ಈ ಸಲದ ಪತ್ರದಲ್ಲಿ ಬರೆಯುತ್ತಿದ್ದೇನೆ. ಚಹಾ ಹತ್ತಿರ ಇಟ್ಟುಕೊಂಡು ಓದಿ.

ಮೊದಲು ಒಂದು ಗುಟ್ಟು. ಪುಣೆಯ ಹಳೆಯ ಫೋಟೋ ಯಾವುದಾದರೂ ನೋಡಿ. ಮಾವಶಿಯೊಬ್ಬರು ಕಚ್ಚೆ ಹಾಕಿ ಉಟ್ಟ ಸೀರೆ, ಮೈಗಂಟಿದ ಚೋಳಿ. "ಅಸ್ಸಲ್ ಮರಾಠಿ ಪೋಷಾಕು" ಎನ್ನುತ್ತೇವೆ. ನಿಜ. ಆದರೆ ಆ ಸೀರೆ ಎಷ್ಟೋ ಸಲ ಇಳಕಲ್ಲಿನದು, ಆ ಚೋಳಿಯ ಖಣ ಗುಳೇದಗುಡ್ಡದ್ದು! ಎರಡೂ ಇಂದಿನ ಬಾಗಲಕೋಟೆ ಜಿಲ್ಲೆಯ ಊರುಗಳು. ಇಲ್ಲಿನವರ ಬಾಯಲ್ಲಿ ಇಳಕಲ್ಲು 'ಇರ್ಕಲ್' ಆಯಿತು, ಕಚ್ಚೆ ಸೀರೆ 'ಲುಗಡೆ' ಆಯಿತು, ನಮ್ಮ ಖಣ ಮಾತ್ರ ಖಣವಾಗಿಯೇ ಉಳಿಯಿತು. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲ ಮುಂಬೈ ಪ್ರಾಂತದಲ್ಲೇ ಇದ್ದವು. ಪುಣೆಯ ಪೇಟೆಗೂ ನಮ್ಮ ಮಗ್ಗಗಳಿಗೂ ನಡುವೆ ಗಡಿ ಅಂತ ಒಂದು ಇರಲೇ ಇಲ್ಲ. ಬಟ್ಟೆಯ ಗಂಟಿನ ಹಿಂದೆಯೇ ಓದುವ ಹುಡುಗರೂ ಬಂದರು. ನಮ್ಮ ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದು ಇಲ್ಲಿಯ ಫರ್ಗ್ಯೂಸನ್ ಕಾಲೇಜಿನಲ್ಲಿ.

ಇಳಕಲ್ಲ ಸೀರೆಯನ್ನು ಕೈಯಲ್ಲಿ ಹಿಡಿದು ಸರಿಯಾಗಿ ನೋಡಿದ್ದೀರಾ? ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸುನೂಲೂ ಬೇರೆ ಬೇರೆ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿಯಂತೆ ಒಂದೊಂದಾಗಿ ಸಿಕ್ಕಿಸಿ ನೇಯುತ್ತಾರೆ. ಇದೇ ಟೋಪ ತೆನಿ ಸೆರಗು. ಕೆಂಪು ರೇಷ್ಮೆಯ ಮೇಲೆ ಬಿಳಿಯ ಗೋಪುರ, ಬಾಚಣಿಗೆಯ ಹಲ್ಲು, ಜೋಳದ ತೆನೆ. ದಡಿಯಲ್ಲಿ ಚಿಕ್ಕಿ ಪರಾಸು, ಗೋಮಿ, ಗಾಡಿ. ಈ ಹೆಸರುಗಳನ್ನು ನಮ್ಮಜ್ಜಿ ಮೊಮ್ಮಕ್ಕಳ ಹೆಸರಿನಷ್ಟೇ ಸಲೀಸಾಗಿ ಹೇಳುತ್ತಿದ್ದಳು. (ಮೊಮ್ಮಕ್ಕಳ ಹೆಸರಾದರೂ ಒಮ್ಮೊಮ್ಮೆ ಅದಲು ಬದಲಾಗುತ್ತಿತ್ತು, ದಡಿಯದು ಮಾತ್ರ ಇಲ್ಲ!) ಇನ್ನು ಖಣ ಎಂದರೆ ಒಂದು ಕುಪ್ಪಸಕ್ಕೆ ಸಾಕಾಗುವಷ್ಟು ತುಂಡು, ಎರಡೂ ಅಂಚಿಗೆ ದಡಿ. ದೇವಿಗೆ ಉಡಿ ತುಂಬಲೂ ಅದೇ, ಮಗಳಿಗೆ ಉಡಿ ತುಂಬಲೂ ಅದೇ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಪೇಶ್ವೆಯರ ಕಾಲದ ಪುಣೆಯಲ್ಲಿ ಶ್ರೀಮಂತರಿಗೆ ಪೈಠಣಿ, ಬನಾರಸದ ಶಾಲು, ಮೇಲೆ ಜರಿಯ ಉಪರಣೆ. ಆ ಕಾಲದ ರುಚಿ ಹೇಗಿತ್ತೆಂದು ತಿಳಿಯಬೇಕಾದರೆ ಬಾಜೀರಾವ್ ರಸ್ತೆಯ ರಾಜಾ ದಿನಕರ ಕೇಳಕರ ಸಂಗ್ರಹಾಲಯಕ್ಕೆ ಹೋಗಿ. ಕನ್ನಡಕದ ವ್ಯಾಪಾರ ಮಾಡಿಕೊಂಡಿದ್ದ ದಿನಕರ ಕೇಳಕರರು ಸುಮಾರು 1920ರಿಂದ ಊರೂರು ಸುತ್ತಿ ಹಳೆಯ ಸಾಮಾನು ಕೂಡಿಸಿದರು. ದೀಪ, ಅಡಕೊತ್ತು, ವಾದ್ಯ, ಪಾತ್ರೆ, ಉಡುಪು, ಒಡವೆ, ಹೀಗೆ ಏನೆಲ್ಲ! ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ಹೆಸರನ್ನು ಅದಕ್ಕೆ ಇಟ್ಟರು. 1975ರಲ್ಲಿ ಇಡೀ ಸಂಗ್ರಹವನ್ನು ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ರಾಜರು ಕಟ್ಟಿಸಿದ ಮ್ಯೂಸಿಯಂಗಳಲ್ಲಿ ರಾಜರ ವಸ್ತು ಇರುತ್ತವೆ. ಇಲ್ಲಿ ಅಡಿಗೆಮನೆಯ ಮತ್ತು ಹಿತ್ತಿಲಿನ ವಸ್ತುಗಳೂ ಇವೆ. ನನಗೆ ಪುಣೆಯಲ್ಲಿ ಅತಿ ಇಷ್ಟದ ಜಾಗ ಅದು.

ಆದರೆ ಹಳೆಯ ಬಟ್ಟೆ ಎಂದಕೂಡಲೇ ಬರೀ ಸೊಗಸಿನ ಮಾತು ಆಡಿದರೆ ಅರ್ಧ ಕಥೆ ಮಾತ್ರ ಹೇಳಿದಂತೆ. ಯಾರು ಏನು ಉಡಬೇಕು, ತಲೆಗೆ ಏನು ಸುತ್ತಬೇಕು ಎಂಬುದನ್ನು ಆಗ ಜಾತಿ ಹೇಳುತ್ತಿತ್ತು. 1848ರಲ್ಲಿ ಇದೇ ಊರಿನ ಭಿಡೆವಾಡಾದಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರಲ್ಲ, ಪಾಠ ಹೇಳಲು ಹೋಗುವ ದಾರಿಯಲ್ಲಿ ಸಾವಿತ್ರಿಬಾಯಿಯ ಮೇಲೆ ಜನ ಸಗಣಿ, ಕೆಸರು ಎಸೆಯುತ್ತಿದ್ದರು. ಆಕೆ ಇನ್ನೊಂದು ಸೀರೆಯನ್ನು ಜೊತೆಗೇ ಒಯ್ಯುತ್ತಿದ್ದರು. ಶಾಲೆಗೆ ಹೋಗಿ ಸೀರೆ ಬದಲಾಯಿಸಿ ಪಾಠ ಶುರು ಮಾಡುವುದು! ಯಾವ ಮ್ಯೂಸಿಯಂನಲ್ಲೂ ಆ ಎರಡನೆಯ ಸೀರೆ ನನ್ನ ಕಣ್ಣಿಗೆ ಬಿದ್ದಿಲ್ಲ. ಇದ್ದಿದ್ದರೆ ಪುಣೆಯ ಎಲ್ಲ ಪೈಠಣಿಗಳನ್ನೂ ಅದರ ಹಿಂದೆ ನಿಲ್ಲಿಸುತ್ತಿದ್ದೆ. 1888ರಲ್ಲಿ ಡ್ಯೂಕ್ ಆಫ್ ಕನಾಟ್ ಅವರ ಗೌರವಾರ್ಥ ಇಲ್ಲಿ ಔತಣ ನಡೆದಾಗ ಜೋತಿಬಾ ಬಂದದ್ದು ಬಡ ರೈತನ ಹರಕು ಬಟ್ಟೆಯಲ್ಲಿ. ಜರಿ ರುಮಾಲಿನವರ ನಡುವೆ ಎದ್ದು ನಿಂತು, ಈ ದೇಶದ ನಿಜವಾದ ಪ್ರಜೆ ಹೇಗಿದ್ದಾನೆ ನೋಡಿ ಎಂಬರ್ಥದಲ್ಲಿ ಮಾತಾಡಿದರು.

ಈ ಜಗಳ ಮುಗಿದಿಲ್ಲ ಎಂಬುದಕ್ಕೆ ಪುಣೇರಿ ಪಗಡಿಯೇ ಸಾಕ್ಷಿ. ರಾನಡೆ, ಗೋಖಲೆ, ತಿಲಕರ ತಲೆಯ ಮೇಲೆ ಕಂಡ ಈ ಪಗಡಿಗೆ 2009ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿತು. 2019ರ ಜನವರಿಯಲ್ಲಿ ಪುಣೆ ವಿಶ್ವವಿದ್ಯಾಲಯ ಘಟಿಕೋತ್ಸವದ ಕರಿ ಗೌನು ಬಿಟ್ಟು ಬಿಳಿ ಅಂಗಿ, ಪುಣೇರಿ ಪಗಡಿ ತಂದಾಗ, "ನಮಗೆ ಫುಲೆ ಪಗಡಿ ಬೇಕು" ಎಂದು ವಿದ್ಯಾರ್ಥಿಗಳು ಸಭೆಯಲ್ಲೇ ಕೂಗಿದರು. ಬಾಡಿಗೆ ಅಂಗಡಿಯಲ್ಲಿ ಫ್ಯಾನ್ಸಿ ಡ್ರೆಸ್ಸಿಗೆಂದು ಪಗಡಿ ತರುವ ಮುನ್ನ ಇದು ನಿಮಗೆ ಗೊತ್ತಿರಲಿ.

ಮುಂದೆ 1905. ಬಂಗಾಳದ ವಿಭಜನೆ, ಸ್ವದೇಶಿ ಚಳವಳಿ. ಅಕ್ಟೋಬರಿನಲ್ಲಿ ಫರ್ಗ್ಯೂಸನ್ ವಿದ್ಯಾರ್ಥಿಯಾಗಿದ್ದ ಸಾವರ್ಕರ್ ಮತ್ತು ಗೆಳೆಯರು ವಿದೇಶಿ ಬಟ್ಟೆಗಳನ್ನು ಗಾಡಿಯಲ್ಲಿ ತುಂಬಿ ಮೆರವಣಿಗೆ ಮಾಡಿ, ಲಕಡೀ ಪೂಲಿನ ಆಚೆ ಹೋಳಿ ಹಚ್ಚಿದರು. ತಿಲಕರೂ ಅಲ್ಲಿ ಮಾತಾಡಿದರು. ಕಾಲೇಜು ಸಾವರ್ಕರ್ ಅವರಿಗೆ ಹತ್ತು ರೂಪಾಯಿ ದಂಡ ಹಾಕಿ ಹಾಸ್ಟೆಲಿನಿಂದ ಹೊರಗಟ್ಟಿತು. ಮ್ಯಾಂಚೆಸ್ಟರಿನ ಹಳೆಯ ಗಿರಣಿ ಬಟ್ಟೆ ಪುಣೆಯ ಮನೆಗಳಲ್ಲಿ ಯಾಕೆ ಅಪರೂಪ ಎಂದು ಯಾರಾದರೂ ಕೇಳಿದರೆ, ಕಾರಣಗಳಲ್ಲಿ ಇದೂ ಒಂದು ಎಂದು ಹೇಳಬಹುದು! ಬಟ್ಟೆ ಹೀಗೆ ರಾಜಕಾರಣವಾದ ಮೇಲೆ ಧ್ವಜದ ಮಾತೂ ಬರಬೇಕು. ಮೇಡಂ ಕಾಮಾ 1907ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಹಾರಿಸಿದ ಬಾವುಟ ಬಂದು ನೆಲೆಸಿದ್ದು ಇಲ್ಲಿಯ ನಾರಾಯಣ ಪೇಟೆಯ ಕೇಸರಿವಾಡಾದಲ್ಲಿ.

ಖಾದಿಯ ಕಥೆಗೂ ಪುಣೆಯ ನಂಟು ದೊಡ್ಡದು. ಪೆಟ್ಟಿಗೆಯಂತೆ ಮಡಚಿ ಒಯ್ಯಬಹುದಾದ ಚರಕವನ್ನು 'ಯರವಡಾ ಚರಕ' ಎನ್ನುತ್ತಾರಲ್ಲ, ಗಾಂಧೀಜಿ ಯರವಡಾ ಜೈಲಿನಲ್ಲಿದ್ದಾಗ ರೂಪುಗೊಂಡದ್ದು ಅದು. 1942ರಿಂದ ಅವರನ್ನೂ ಕಸ್ತೂರಬಾರನ್ನೂ ಆಗಾ ಖಾನ್ ಅರಮನೆಯಲ್ಲಿ ಬಂಧನದಲ್ಲಿ ಇಟ್ಟಿದ್ದರು. 1944ರ ಫೆಬ್ರವರಿ 22ರಂದು ಬಾ ತೀರಿಕೊಂಡಾಗ ಅವರಿಗೆ ಉಡಿಸಿದ್ದು ಬಾಪು ತಾವೇ ನೂತ ನೂಲಿನ ಸೀರೆ. ಅರಮನೆಯಲ್ಲಿ ಈಗ ಗಾಂಧಿ ಸ್ಮಾರಕ ಇದೆ, ಅಂಗಳದಲ್ಲಿ ಬಾ ಅವರ ಸಮಾಧಿ ಇದೆ. ನಗರ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಒಮ್ಮೆ ಒಳಗೆ ತಿರುಗಿ ನೋಡಿ.

ಅದೇ ಹೊತ್ತಿಗೆ ಊರಿನ ಇನ್ನೊಂದು ಮೂಲೆಯಲ್ಲಿ ಫ್ಯಾಶನ್ ಬೇರೆಯೇ ದಾರಿ ಹಿಡಿದಿತ್ತು. ಸಿನಿಮಾಕ್ಕೂ ಮೊದಲು ಹೆಂಗಸರಿಗೆ ಉಡುವುದನ್ನು ಕಲಿಸಿದವರು ಒಬ್ಬ ಗಂಡಸು. ಹೌದು, ಬಾಲಗಂಧರ್ವರು! ಸ್ತ್ರೀ ಪಾತ್ರದಲ್ಲಿ ಅವರು ಉಟ್ಟ ಸೀರೆ, ಮುಡಿದ ಹೂವು, ಇಟ್ಟ ನತ್ತು ನೋಡಿ ಮನೆತನದ ಹೆಂಗಸರು ಹಾಗೆಯೇ ಉಡುತ್ತಿದ್ದರು. ಆಮೇಲೆ 1933ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಕೊಲ್ಹಾಪುರದಿಂದ ಪುಣೆಗೆ ಬಂತು. 1939ರ 'ಮಾಣೂಸ್' ಚಿತ್ರದ ನಾಯಕಿ ಶಾಂತಾ ಹುಬಳೀಕರ್ ನಮ್ಮ ಹುಬ್ಬಳ್ಳಿ ಹತ್ತಿರದ ಅದರಗುಂಚಿಯವರು. ಪ್ರಭಾತ್ ಇದ್ದ ಜಾಗದಲ್ಲೇ ಈಗ ಫಿಲ್ಮ್ ಇನ್‌ಸ್ಟಿಟ್ಯೂಟ್. ಅಲ್ಲಿಂದ ಅನತಿ ದೂರದ ಲಾ ಕಾಲೇಜ್ ರಸ್ತೆಯಲ್ಲಿ 1964ರಲ್ಲಿ ಹುಟ್ಟಿದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. ಮೂವತ್ತರ ದಶಕದ ರವಿಕೆಯ ತೋಳು ಎಷ್ಟು ಉದ್ದ, ಐವತ್ತರಲ್ಲಿ ಎಷ್ಟು ಗಿಡ್ಡವಾಯಿತು ಎಂದು ತಿಳಿಯಲು ಹಳೆಯ ಸಿನಿಮಾ ಮತ್ತು ಅದರ ಫೋಟೋಗಳಿಗಿಂತ ಒಳ್ಳೆಯ ಪಠ್ಯಪುಸ್ತಕ ಇಲ್ಲ. ದರ್ಜಿಗೆ ತೋರಿಸಲು ಮಾದರಿ ಬೇಕಾದವರು ಅಲ್ಲಿಂದ ಶುರು ಮಾಡಿ.

ಒಂಬತ್ತು ವಾರಿನ ಕಚ್ಚೆ ಸೀರೆ ಹೋಗಿ, ಒಳಲಂಗದ ಮೇಲೆ ಉಡುವ ಐದಾರು ವಾರಿನ 'ಗೋಲ' ಸೀರೆ ಬಂದದ್ದೂ ಈ ದಶಕಗಳಲ್ಲೇ. ಓದಿದ ಹುಡುಗಿಯರು ಮೊದಲು ಉಟ್ಟರು, ಅತ್ತೆಯಂದಿರು ಮುಖ ಸಿಂಡರಿಸಿದರು, ಕೊನೆಗೆ ಅವರೂ ಉಟ್ಟರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಟ್ಟೆಯೇ ಸಿಗದಂತಾಗಿ 1943ರಲ್ಲಿ ಸರಕಾರ ಬಟ್ಟೆ-ನೂಲಿನ ಮೇಲೆ ಕಂಟ್ರೋಲ್ ತಂದಿತು. "ಒಂಬತ್ತು ವಾರು ಎಲ್ಲಿಂದ ತರೂದು, ಕಂಟ್ರೋಲ್ ಅರಿವಿ ಬಂದಮ್ಯಾಲೆ ಸೀರಿನೂ ಗಿಡ್ಡ ಆತು, ನಾವೂ ಗಿಡ್ಡ ಆದ್ವಿ" ಎಂದು ನಮ್ಮಜ್ಜಿ ನಗುತ್ತಿದ್ದಳು. ಅವಳು ಬಾಗಲಕೋಟೆ ಕಡೆಯವಳು. ಅಜ್ಜನ ಗುಮಾಸ್ತಗಿರಿಯ ಹಿಂದೆ ನಾರಾಯಣ ಪೇಟೆಯ ಒಂದು ವಾಡಾಕ್ಕೆ ಬಂದು ಸೇರಿದವಳು, ಒಂದು ಕಬ್ಬಿಣದ ಟ್ರಂಕಿನ ಜೊತೆ.

ಹಳೇ ಪುಣೆಯ ಎಷ್ಟೋ ಮನೆಗಳಲ್ಲಿ "ನಮ್ಮಲ್ಲಿ ಹಳೆಯದೇನೂ ಉಳಿದಿಲ್ಲ" ಎನ್ನುತ್ತಾರೆ. ಯಾಕೆಂದು ಕೇಳಿ ನೋಡಿ, ಒಂದು ತಾರೀಖು ಹೇಳುತ್ತಾರೆ: 1961ರ ಜುಲೈ 12. ಆ ದಿನ ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರಿಗೆ ಖಡಕವಾಸಲಾ ಅಣೆಕಟ್ಟೂ ತಡೆಯಲಿಲ್ಲ. ಮುಠಾ ನದಿ ಶನಿವಾರ, ನಾರಾಯಣ, ಕಸಬಾ ಪೇಟೆಗಳೊಳಗೆ ನುಗ್ಗಿತು. ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ಪೆಟ್ಟಿಗೆ ಎತ್ತಿಡುವವರು ಯಾರು? ನೆಲಮಾಳಿಗೆಗಳಲ್ಲಿ, ಕೆಳ ಅಂತಸ್ತುಗಳಲ್ಲಿ ಇದ್ದ ಮದುವೆ ಸೀರೆ, ಶಾಲು, ಕೋಟು ಎಲ್ಲ ರಾಡಿಯಲ್ಲಿ ಹೋದವು. ನಮ್ಮವರು ಮೇಲಿನ ಮಹಡಿಯಲ್ಲಿದ್ದರು. ಟ್ರಂಕು ಉಳಿಯಿತು. ಕೆಳಗಿನ ಮನೆಯ ಕಾಕೂ ಮೂರು ದಿನ ನಮ್ಮಜ್ಜಿಯ ಇಳಕಲ್ಲ ಸೀರೆ ಉಟ್ಟುಕೊಂಡಿದ್ದರಂತೆ. ಆಮೇಲೆ ಎಷ್ಟು ಕೇಳಿಕೊಂಡರೂ ಅಜ್ಜಿ ಆ ಸೀರೆ ವಾಪಸು ತೆಗೆದುಕೊಳ್ಳಲಿಲ್ಲ.

ಅರವತ್ತರ ದಶಕದಿಂದ ಮುಂದಿನದು ನಿಮ್ಮಲ್ಲಿ ಅನೇಕರಿಗೆ ನೆನಪಿದ್ದೀತು. ನೈಲಾನ್ ಬಂತು, ಟೆರಿಲಿನ್ ಬಂತು, ಟೆರಿಕಾಟ್ ಬಂತು. ಇಸ್ತ್ರಿ ಬೇಡ, ನೀಲಿ ಬೇಡ, ರಾತ್ರಿ ಒಗೆದರೆ ಬೆಳಿಗ್ಗೆ ತಯಾರು. ಪುಣೆಯ ಬೇಸಿಗೆಯಲ್ಲಿ ಬೆವರುವುದೊಂದೇ ಕಷ್ಟ! ಎಪ್ಪತ್ತರಲ್ಲಿ ಬೆಲ್ ಬಾಟಮ್, ನಾಯಿಯ ಕಿವಿಯಂಥ ಕಾಲರು. ಕ್ಯಾಂಪಿನ ದರ್ಜಿಗಳಿಗೆ ಕೈತುಂಬ ಕೆಲಸ. 1974ರಲ್ಲಿ ಕೋರೆಗಾಂವ್ ಪಾರ್ಕಿಗೆ ರಜನೀಶರ ಆಶ್ರಮ ಬಂತು. ಕಾವಿ-ಕಿತ್ತಳೆ ನಿಲುವಂಗಿಯ ಬಿಳಿಯರು ರಿಕ್ಷಾದಲ್ಲಿ ಓಡಾಡುವುದನ್ನು ಪೇಟೆಯ ಜನ ಬೆರಗಿನಿಂದ ನೋಡಿದರು. ಆ ಕಿತ್ತಳೆ ಮುಂದೆ ಮರೂನ್ ಆಯಿತು. ಎಂಬತ್ತರಲ್ಲಿ ಸಲ್ವಾರ್ ಕಮೀಜ್ ಕಾಲೇಜಿನಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ನಡೆದುಬಂತು. ನಮ್ಮ ಹೆಣ್ಣುಮಕ್ಕಳ ಪರಕಾರ-ಪೋಲಕ ಹಬ್ಬದ ದಿನಕ್ಕೆ ಮಾತ್ರ ಉಳಿಯಿತು.

ಈಗ ನನ್ನ ಹೊಟ್ಟೆಯುರಿ ಹೇಳುತ್ತೇನೆ. ಪ್ರವಾಹ ಒಮ್ಮೆ ಬಂದು ಹೋಯಿತು. ಆದರೆ ಮಧ್ಯಾಹ್ನದ ಹೊತ್ತು ಸ್ಟೀಲಿನ ಪಾತ್ರೆಗಳ ಬುಟ್ಟಿ ಹೊತ್ತು ಓಣಿಯಲ್ಲಿ ಕೂಗುತ್ತ ಬರುವ ಬೋಹಾರಿಣ್ ಪ್ರತಿ ವಾರ ಬರುತ್ತಿದ್ದಳು. ಹಳೆ ಬಟ್ಟೆ ಕೊಟ್ಟರೆ ಹೊಸ ಪಾತ್ರೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅದು ಅವಳ ಹೊಟ್ಟೆಪಾಡು. ಯಾರೂ ಉಡದ ಬಟ್ಟೆಯನ್ನು ಉಡುವವರ ಕೈಗೆ ಮುಟ್ಟಿಸುವ ಕೆಲಸ ಅವಳಷ್ಟು ಚೆನ್ನಾಗಿ ಮಾಡಿದವರೂ ಇಲ್ಲ. ನಮಗೇ ಬೆಲೆ ಗೊತ್ತಿರಲಿಲ್ಲ ಅಷ್ಟೇ. ಅಜ್ಜಿ ತೀರಿಕೊಂಡ ಮೇಲೆ ಅವಳ ಕರಿ ಚಂದ್ರಕಳಾ ಸೀರೆ ಮತ್ತು ಒಂದು ಜರಿ ಸೀರೆ ಕೊಟ್ಟು ಅಮ್ಮ ಮುಚ್ಚಳದ ಸ್ಟೀಲ್ ಡಬ್ಬಿ ತೆಗೆದುಕೊಂಡಳು. ಡಬ್ಬಿ ಇನ್ನೂ ಇದೆ, ಅವಲಕ್ಕಿ ತುಂಬಿಡುತ್ತೇವೆ. ಹಳೆಯ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ನೀರು ಕೊಟ್ಟದ್ದು. ಅಂಥ ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುವ ವ್ಯಾಪಾರ ಎಲ್ಲ ದೊಡ್ಡ ಪೇಟೆಗಳಲ್ಲೂ ಇದೆ. ಎಷ್ಟು ಪೈಠಣಿ, ಎಷ್ಟು ಶಾಲು ಹೀಗೆ ಬೂದಿಯಾದವೋ!

ಸರಿ, ನಿಮ್ಮ ಪ್ರಶ್ನೆಗೆ ಬರೋಣ. ಎಲ್ಲಿ ಸಿಗುತ್ತದೆ?

ಕೊಳ್ಳಲು ಅಂತಾದರೆ ಮೊದಲ ಹೆಸರು ಜೂನಾ ಬಜಾರ್. ಮಂಗಳವಾರ ಪೇಟೆಯ ಕಡೆ ಬುಧವಾರ ಮತ್ತು ಭಾನುವಾರ ಕೂಡುವ ಸಂತೆ ಎಂದೇ ಅದು ಹೆಸರುವಾಸಿ. ಹೋಗುವ ಮುನ್ನ ಆ ವಾರ ಕೂಡಿದೆಯೇ ಎಂದು ವಿಚಾರಿಸಿಕೊಳ್ಳಿ. ಹಳೆಯ ನಾಣ್ಯ, ಬೀಗ, ಕ್ಯಾಮರಾಗಳ ಮಧ್ಯೆ ಬಟ್ಟೆಯ ರಾಶಿ ಹುಡುಕಬೇಕು. ತಾಳ್ಮೆ ಬೇಕು, ಚೌಕಾಶಿ ಬರಬೇಕು, ತಂದ ಮೇಲೆ ಬಿಸಿನೀರಿನಲ್ಲಿ ನೆನೆಸುವ ಮೊದಲು ಬಣ್ಣ ಬಿಡುತ್ತದೆಯೇ ಎಂದು ಮೂಲೆಯಲ್ಲಿ ನೋಡಬೇಕು. ಕ್ಯಾಂಪಿನ ಫ್ಯಾಶನ್ ಸ್ಟ್ರೀಟಿಗೆ ಹಳೆಯದಕ್ಕಾಗಿ ಹೋಗಬೇಡಿ, ಅಲ್ಲಿಯದೆಲ್ಲ ಹೊಸ ಮಾಲು. 2021ರ ಮಾರ್ಚ್ 26ರ ರಾತ್ರಿಯ ಬೆಂಕಿಯಲ್ಲಿ ಅಲ್ಲಿಯ ನೂರಾರು ಅಂಗಡಿಗಳು ಸುಟ್ಟುಹೋದದ್ದು ನಿಮಗೂ ನೆನಪಿರಬಹುದು. ತುಳಶೀಬಾಗ್ ಮತ್ತು ಲಕ್ಷ್ಮೀ ರಸ್ತೆಯಲ್ಲಿ ಇಳಕಲ್ಲ ಸೀರೆ, ಖಣ ಎರಡೂ ಸಿಗುತ್ತವೆ, ಆದರೆ ಹೊಸದಾಗಿ ನೇಯ್ದದ್ದು. ಖಣದ ಚೀಲ, ಖಣದ ಪರ್ಸು, ಖಣದ ಮಾಸ್ಕು ಕೂಡ ಬಂದು ಹೋದವು! ಯಂತ್ರದಲ್ಲಿ ನೇಯ್ದ ನಕಲಿಯೂ ಬೇಕಾದಷ್ಟಿದೆ. ಟೋಪ ತೆನಿ ಸೆರಗಿನ ಸೀರೆಯಾದರೆ ಒಡಲು-ಸೆರಗು ಕೂಡುವ ಜಾಗ ತಿರುಗಿಸಿ ನೋಡಿ. ಕೊಂಡಿಯ ಗುರುತು ಕಾಣಬೇಕು. ಹಳೆಯ ಜರಿಯಾದರೆ ಬೆಳ್ಳಿ ಪಾತ್ರೆಯಂತೆ ಕಪ್ಪಾಗಿರುತ್ತದೆ. ಥಳಥಳ ಹೊಳೆಯುತ್ತಿದ್ದರೆ ಅನುಮಾನ ಪಡಿ.

ಕೊಳ್ಳದೆ ಬರೀ ಕಣ್ತುಂಬ ನೋಡಲು ಒಂದು ಉಪಾಯ ಹೇಳಲೇ? ಡಿಸೆಂಬರಿನ ಸವಾಯಿ ಗಂಧರ್ವ ಸಂಗೀತೋತ್ಸವ. ಕುಂದಗೋಳದ ಗುರುವಿನ ಹೆಸರಿನಲ್ಲಿ ನಮ್ಮ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ್ದು. ಕಿವಿ ವೇದಿಕೆಯ ಕಡೆ ಇರಲಿ, ಕಣ್ಣು ಒಮ್ಮೊಮ್ಮೆ ಪ್ರೇಕ್ಷಕರ ಕಡೆ ಹರಿಯಲಿ. ಚಳಿಯ ನೆಪದಲ್ಲಿ ಪೆಟ್ಟಿಗೆಯಿಂದ ಹೊರಬಿದ್ದ ಹಳೆಯ ಶಾಲುಗಳು, ಅತ್ತೆಯಿಂದ ಸೊಸೆಗೆ ಬಂದ ಪೈಠಣಿಗಳು ಅಲ್ಲಿ ಸಾಲುಸಾಲಾಗಿ ಕುಳಿತಿರುತ್ತವೆ.

ಆದರೆ ಎಲ್ಲಕ್ಕಿಂತ ಮೊದಲು ಹುಡುಕಬೇಕಾದ್ದು ನಿಮ್ಮದೇ ಮನೆಯ ಅಟ್ಟ. ಟ್ರಂಕು ತೆರೆದಾಗ ಅಜ್ಜಿ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಸೀರೆ ಯಾವ ವರ್ಷ, ಯಾರು ತಂದರು, ಯಾರ ಮದುವೆಗೆ ಉಟ್ಟದ್ದು ಎಂದು ಚೀಟಿಯಲ್ಲಿ ಬರೆದು ಸೀರೆಯ ಜೊತೆ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಧೋತರದಲ್ಲಿ ಸುತ್ತಿ. ವರ್ಷಕ್ಕೆರಡು ಸಲ ಮಡಿಕೆ ಬದಲಾಯಿಸಿ, ಇಲ್ಲದಿದ್ದರೆ ಜರಿ ಮಡಿಕೆಯಲ್ಲೇ ಸೀಳುತ್ತದೆ.

ಟ್ರಂಕು ಖಾಲಿ ಇದ್ದರೂ ನಿರಾಸೆ ಬೇಡ. ಹಾಸಿಗೆಯ ಕೆಳಗೆ ನೋಡಿ, ಕೌದಿ ಇದೆಯೇ? ನಮ್ಮಜ್ಜಿಯ ಹತ್ತಿಯ ಸೀರೆಗಳೆಲ್ಲ ಎಲ್ಲಿ ಹೋದವು ಎಂದು ನಾನು ವರ್ಷಗಟ್ಟಲೆ ಕೊರಗಿದ್ದೆ. ಹೋದ ಚಳಿಗಾಲ ಕೌದಿಯ ಒಂದು ಮೂಲೆ ಹರಿದಿತ್ತು. ಹೊಲಿಯೋಣವೆಂದು ಕೂತರೆ ಮೇಲಿನ ತೇಪೆಯ ಕೆಳಗೆ ಇನ್ನೊಂದು ಪದರ, ಅದರ ಕೆಳಗೆ ಮತ್ತೊಂದು. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. "ಇದು ಚಿಕ್ಕಿ ಪರಾಸು. ಇದರ ಕೆಳಗಿಂದು ಗೋಮಿ ದಡಿ. ಇದನ್ನ ಉಟ್ಕೊಂಡೇ ನನ್ನನ್ನ ಸಾಲಿಗೆ ಬಿಡಾಕ ಬರ್ತಿದ್ಲು." ಸೂಜಿ ಪೋಣಿಸಿದ್ದು ಹಾಗೇ ಇತ್ತು. ಆ ಮೂಲೆಯನ್ನು ನಾವು ಇನ್ನೂ ಹೊಲಿದಿಲ್ಲ.